ಸೊಂಟದ ಆಪರೇಷನ್ ಆಗಿ ಏಳು ವಾರ, ಆಸ್ಪತ್ರೆಯ ಆ ಎರಡು ರಾತ್ರಿ ಮಾತ್ರ ತಲೆಯಿಂದ ಹೋಗ್ತಿಲ್ಲ

ಬೆಳಗಿನನಡಿಗೆ:
ಎಲ್ಲರಿಗೂ ನಮಸ್ಕಾರ. ನನಗೀಗ 71. ಬಿಪಿಗೆ ಒಂದು ಮಾತ್ರೆ ಬಿಟ್ಟರೆ ಆಸ್ಪತ್ರೆಯ ಸಹವಾಸವೇ ಇರಲಿಲ್ಲ, ದಿನಾ ಐದು ಕಿಲೋಮೀಟರ್ ನಡೀತಿದ್ದೆ. ಏಳು ವಾರದ ಹಿಂದೆ ರಾತ್ರಿ ಬಾತ್‌ರೂಮಿಗೆ ಅಂತ ಎದ್ದವನು ಲೈಟ್ ಹಾಕದೆ ಹೊರಟೆ. ಬಾಗಿಲ ಹತ್ತಿರದ ಕಾಲೊರೆಸು ಸಿಕ್ಕಿಕೊಂಡು ಬಲಮಗ್ಗುಲಿಗೆ ಬಿದ್ದೆ. ನೋಡಿದರೆ ಬಲಗಾಲು ಹೊರಕ್ಕೆ ತಿರುಗಿಕೊಂಡು ಎಡಗಾಲಿಗಿಂತ ಗಿಡ್ಡ ಕಾಣ್ತಿತ್ತು. ತೊಡೆ ಮೂಳೆಯ ಕುತ್ತಿಗೆ ಮುರಿದಿದೆ ಅಂದ್ರು. ಮಾರನೇ ದಿನವೇ ಆಪರೇಷನ್ ಮಾಡಿ, ಮೂಳೆಯ ಚೆಂಡು ತೆಗೆದು ಲೋಹದ್ದು ಕೂರಿಸಿದ್ರು. ಅದರ ಬಗ್ಗೆ ನನ್ನ ದೂರೇನೂ ಇಲ್ಲ, ವಾಕರ್ ಹಿಡಿದು ಓಡಾಡ್ತಿದ್ದೀನಿ.

ಕಷ್ಟ ಬೇರೆ ಇದೆ. ಆಪರೇಷನ್ ಆದ ದಿನದ ರಾತ್ರಿ ಮತ್ತು ಅದರ ಮಾರನೇ ರಾತ್ರಿ ನಾನು ನಾನಾಗಿರಲಿಲ್ಲ. ಗೋಡೆಯಲ್ಲಿದ್ದ ಆಕ್ಸಿಜನ್ ಪೈಪಿನ ತೂತಿನಿಂದ ಇರುವೆ ಸಾಲುಗಟ್ಟಿ ಇಳಿದು ನನ್ನ ಹಾಸಿಗೆಗೆ ಬರ್ತಿತ್ತು. ಹೊದಿಕೆ ಮೇಲೆ ಒಂದೊಂದನ್ನೇ ಆರಿಸಿ ಕೆಳಕ್ಕೆ ಹಾಕ್ತಾ ಇದ್ದೆ. ಕೈ ಹಿಡಿಯೋಕೆ ಬಂದ ಸೊಸೆಗೆ ‘ಯಾರು ನೀನು, ನನ್ನ ಮನೆಗೆ ಯಾಕೆ ನುಗ್ಗಿದೆ’ ಅಂತ ಕೂಗಿ, ಆಡಬಾರದ ಮಾತೆಲ್ಲ ಆಡಿದೆ. ಡ್ರಿಪ್ ಕಿತ್ತು ಎಸೆದೆನಂತೆ. ಅದು ನೆನಪಿಲ್ಲ. ಬೈದದ್ದು ನೆನಪಿದೆ. ಮೂರನೇ ದಿನ ಸಂಜೆಗೆ ಸರಿಹೋದೆ. ಅವತ್ತಿನಿಂದ ಮನೆಯಲ್ಲಿ ಯಾರೂ ಅದರ ಮಾತೆತ್ತಲ್ಲ. ಸೊಸೆ ಎದುರು ಬಂದರೆ ನಾನು ಪೇಪರ್ ಅಡ್ಡ ಹಿಡೀತೀನಿ.

ಅನುಭವ ಇದ್ದವರು ಹೇಳಿ, ಇದು ಮರೆವಿನ ಕಾಯಿಲೆಯ ಶುರುವಾ? ಇನ್ನೊಂದು, ಮನೆಯವರು ನನ್ನನ್ನ ಎದ್ದೇಳೋಕೇ ಬಿಡಲ್ಲ. ಒಂದು ಲೋಟ ನೀರಿಗೆ ಎದ್ದರೂ ಮೂರು ಜನ ಓಡಿ ಬರ್ತಾರೆ. ಇದು ಸರಿಯಾ?

ಹಸಿರುಬಾಗಿಲು:
ಸರ್, ಹೆದರಬೇಡಿ. ನಮ್ಮಮ್ಮನಿಗೂ ಹೀಗೇ ಆಗಿತ್ತು. ಅವರಿಗೆ ಇರುವೆ ಅಲ್ಲ, ಕಿಟಕಿ ಆಚೆ ಯಾರೋ ನಿಂತು ಕರೀತಿದ್ದಾರೆ ಅಂತ. ಇದಕ್ಕೆ ಡೆಲಿರಿಯಂ ಅಂತಾರೆ. ನಾಲ್ಕು ದಿನಕ್ಕೆ ಸರಿಹೋಯ್ತು. ಅದಾಗಿ ಆರು ವರ್ಷ, ಇವತ್ತಿಗೂ ಮನೆ ಲೆಕ್ಕ ಬರೆಯೋದು ಅವರೇ.

ಕಾಲೇಜುಮೇಷ್ಟ್ರು:
ಎಲ್ಲಾ ಅನಸ್ತೇಷಿಯಾದ ಕೆಲಸ. ಪೂರ್ತಿ ಪ್ರಜ್ಞೆ ತಪ್ಪಿಸಿದರೆ ವಯಸ್ಸಾದವರ ಮೆದುಳಿಗೆ ಪೆಟ್ಟು ಬಿದ್ದೇ ಬೀಳುತ್ತೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ದರೆ ಹೀಗಾಗ್ತಿರಲಿಲ್ಲ. ನೀವು ಕೇಳಬೇಕಿತ್ತು.

ಬೆಳಗಿನನಡಿಗೆ:
ಮೇಷ್ಟ್ರೇ, ನನಗೆ ಬೆನ್ನಿಗೇ ಕೊಟ್ಟಿದ್ದು. ಸುತ್ತಿಗೆ ಸದ್ದು ಕೂಡ ಕೇಳಿಸ್ತಿತ್ತು.

ನಿವೃತ್ತಸಿಸ್ಟರ್:
ನಾನು 31 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು, ಅದರಲ್ಲಿ ಹೆಚ್ಚು ಭಾಗ ಮೂಳೆ ವಾರ್ಡಿನಲ್ಲೇ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಮೇಷ್ಟ್ರ ಮಾತಿಗೆ. ಇದು ಬಹಳ ಜನರ ನಂಬಿಕೆ, ನಾನೂ ಎಷ್ಟೋ ವರ್ಷ ಹಾಗೇ ಅಂದ್ಕೊಂಡಿದ್ದೆ. ಸೊಂಟ ಮುರಿದ 1600 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆನ್ನಿನ ಅರಿವಳಿಕೆ, ಇನ್ನೊಂದಕ್ಕೆ ಪೂರ್ಣ ಅರಿವಳಿಕೆ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2021ರಲ್ಲಿ ಹೊರಬಂತು. ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ ಈ ಗೊಂದಲ ಆಗಿತ್ತು. ಹಾಗಾಗಿ ಸರ್, ಅದು ಕೇಳಬೇಕಿತ್ತು, ಇದು ಕೇಳಬೇಕಿತ್ತು ಅಂತ ಕೊರಗಬೇಡಿ.

ಕಾರಣ ಒಂದೇ ಇರಲ್ಲ. ಬಿದ್ದ ಏಟು, ನೋವು, ರಕ್ತ ಹೋಗಿರೋದು, ನಿದ್ದೆಗೇಡು, ಮೈಯಲ್ಲಿ ನೀರು ಕಡಿಮೆ ಆಗೋದು, ಸೋಂಕು, ಮೂತ್ರ ಕಟ್ಟಿಕೊಳ್ಳೋದು, ನಾಲ್ಕು ದಿನ ಮಲ ಹೋಗದೇ ಇರೋದು, ಇವೆಲ್ಲ ಸೇರಿ ಮೆದುಳು ಅಷ್ಟು ಹೊತ್ತು ಹಿಡಿತ ತಪ್ಪುತ್ತೆ. ಕೆಲವು ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆಗಳೂ ಇದನ್ನ ಜಾಸ್ತಿ ಮಾಡ್ತವೆ. ಸಂಜೆ ಆದಮೇಲೆ ಏರೋದು, ಬೆಳಗ್ಗೆ ಸ್ವಲ್ಪ ಇಳಿಯೋದು ಇದರ ಲಕ್ಷಣ. ಮರೆವಿನ ಕಾಯಿಲೆ ತಿಂಗಳು, ವರ್ಷಗಟ್ಟಲೆ ಮೆಲ್ಲಗೆ ಬರುತ್ತೆ. ಇದು ಗಂಟೆಗಳಲ್ಲಿ ಬರುತ್ತೆ.

ಆದರೆ ಒಂದು ವಿಷಯ ಮುಚ್ಚಿಡಲ್ಲ. ಡೆಲಿರಿಯಂ ಬಂದವರಿಗೆ ಮುಂದೆ ಮರೆವಿನ ಕಾಯಿಲೆ ಬರೋ ಸಾಧ್ಯತೆ ಉಳಿದವರಿಗಿಂತ ಹೆಚ್ಚು ಅಂತ ಗೊತ್ತಾಗಿದೆ. ಎಲ್ಲರಿಗೂ ಬರುತ್ತೆ ಅಂತ ಅಲ್ಲ. ಕೆಲವು ತಿಂಗಳು ಕಳೆದ ಮೇಲೆ ಒಮ್ಮೆ ನೆನಪಿನ ಪರೀಕ್ಷೆ ಮಾಡಿಸಿ, ಮನಸ್ಸು ಹಗುರಾಗುತ್ತೆ. ಮುಂದೆ ಯಾವ ಆಪರೇಷನ್ ಬಂದರೂ ‘ಹೋದ ಸಲ ಹೀಗಾಗಿತ್ತು’ ಅಂತ ಮೊದಲೇ ಡಾಕ್ಟರಿಗೆ ಹೇಳಿ.

ನನ್ನ ಪ್ರಶ್ನೆ ಒಂದಿದೆ. ಆ ಎರಡು ರಾತ್ರಿ ನಿಮ್ಮ ಕನ್ನಡಕ ಎಲ್ಲಿತ್ತು?

ಬೆಳಗಿನನಡಿಗೆ:
ಸಿಸ್ಟರ್, ನೀವು ಕೇಳಿದ ಮೇಲೆ ಮಗನನ್ನ ಕೇಳಿದೆ. ಒಡೆದುಹೋದೀತು ಅಂತ ಕನ್ನಡಕ, ವಾಚು, ಮೊಬೈಲು ಮೂರನ್ನೂ ಅವನು ಮನೆಗೆ ತಗೊಂಡು ಹೋಗಿದ್ದನಂತೆ. ನನಗೆ ಕನ್ನಡಕ ಇಲ್ಲದಿದ್ದರೆ ಎದುರಿಗಿರೋ ಮುಖವೂ ಮಸುಕು.

ನಿವೃತ್ತಸಿಸ್ಟರ್:
ನೋಡಿ! ಕಣ್ಣು ಕಾಣದೆ, ಹಗಲೋ ರಾತ್ರಿಯೋ ತಿಳೀದೆ, ಮೇಲೆ ಉರಿಯೋ ಲೈಟು, ಬೀಪ್ ಬೀಪ್ ಸದ್ದು. ಯಾರಿಗೆ ತಾನೇ ಗೊಂದಲ ಆಗಲ್ಲ? ಮಗನದ್ದೂ ತಪ್ಪಲ್ಲ, ಅವನಿಗೆ ಯಾರೂ ಹೇಳಿರಲ್ಲ. ಓದುತ್ತಿರೋ ಎಲ್ಲರೂ ಗಮನ ಕೊಡಿ, ಮನೆಯ ಹಿರಿಯರನ್ನ ಆಪರೇಷನ್‌ಗೆ ಸೇರಿಸಿದರೆ ಕನ್ನಡಕ, ಕಿವಿ ಮಷೀನು, ಹಲ್ಲಿನ ಸೆಟ್ಟು ಅವರ ಕೈಗೆ ಸಿಗೋ ಹಾಗಿರಲಿ. ಥಿಯೇಟರಿನಿಂದ ಹೊರಗೆ ಬಂದ ತಕ್ಷಣ ಹಾಕಿ. ಕಾಣೋ ಜಾಗದಲ್ಲಿ ಗಡಿಯಾರ ಇಡಿ. ಪದೇ ಪದೇ ಜನ ಬದಲಾಗದೆ ಪರಿಚಯದವರು ಒಬ್ಬರು ಹತ್ತಿರ ಕೂತಿರಿ. ಹಗಲು ಕಿಟಕಿ ಪರದೆ ಸರಿಸಿ, ರಾತ್ರಿ ದೀಪ ಇಳಿಸಿ. ಔಷಧಿಗಿಂತ ಹೆಚ್ಚು ಕೆಲಸ ಮಾಡೋದು ಇವೇ.

ಅವ್ವನಮಗ:
ನಮ್ಮವ್ವಂದು ಉಲ್ಟಾ ಆಗಿತ್ರಿ. ಪಿತ್ತಕೋಶದ ಆಪರೇಷನ್ ಆದ ಮ್ಯಾಲ ಏನೂ ಗದ್ದಲ ಇಲ್ಲ, ಸುಮ್ಮ ಗ್ವಾಡಿ ನೋಡ್ಕೋತ ಮಲಗಿದ್ಲು. ಕರದ್ರ ಹ್ಞೂಂ ಅಂತಿದ್ಲು, ಮತ್ತ ಕಣ್ಣು ಮುಚ್ಚತಿದ್ಲು. ನಾವು ಭಾಳ ಶಾಂತ ಅದಾಳ, ಆರಾಮ ಆಗ್ಲಿಕತ್ತಾಳ ಅಂತ ಖುಷಿ ಪಟ್ವಿ. ಎರಡ ದಿನ ಆದ ಮ್ಯಾಲ ಒಬ್ಬಾಕಿ ಡಾಕ್ಟರ್ ಬಂದು, ‘ಅವ್ವಾ, ತಿಂಗಳ ಹೆಸರು ಹಿಂದಿನಿಂದ ಹೇಳ್ರಿ, ಡಿಸೆಂಬರ್‌ನಿಂದ’ ಅಂದ್ರು. ಡಿಸೆಂಬರ್ ಅಂದಾಕಿ ಅಲ್ಲೇ ನಿಂತ್ಲು. ನಮ್ಮವ್ವ ಅಂದ್ರ ಊರಿನ ಲೆಕ್ಕ ಬಾಯಾಗ ಇಟ್ಟಾಕಿ! ತಪಾಸ ಮಾಡಿದ್ರ ಮೂತ್ರದಾಗ ಸೋಂಕು ಇತ್ತು. ಔಷಧ ಕೊಟ್ಟ ಮ್ಯಾಲ ಮೂರ ದಿನದಾಗ ನನಗ ಬೈಲಿಕ್ಕೆ ಸುರು ಮಾಡಿದ್ಲು, ಆಗ ಜೀವ ಬಂತು ನಮಗ.

ನಿವೃತ್ತಸಿಸ್ಟರ್:
ಅಣ್ಣಾ, ಬಹಳ ಮುಖ್ಯವಾದ ಮಾತು ಹೇಳಿದ್ರಿ. ಗಲಾಟೆ ಮಾಡೋರನ್ನ ಎಲ್ಲರೂ ನೋಡ್ತಾರೆ. ಸುಮ್ಮನೆ ಮಂಕಾಗಿ ಮಲಗಿರೋರು ಕೈತಪ್ಪಿ ಹೋಗ್ತಾರೆ. ಅದೂ ಡೆಲಿರಿಯಮ್ಮೇ. ‘ನಮ್ಮವರು ಮಾಮೂಲಾಗಿ ಹೀಗಿಲ್ಲ’ ಅಂತ ಸಿಬ್ಬಂದಿಗೆ ಹೇಳಬೇಕಾದವರು ಮನೆಯವರೇ, ಯಾಕಂದ್ರೆ ವಾರ್ಡಿನಲ್ಲಿ ಇರೋರಿಗೆ ಅವರ ಮಾಮೂಲು ಹೇಗೆ ಅಂತ ಗೊತ್ತಿರಲ್ಲ.

ಮೂರನೇಮಹಡಿ:
ಪಿತ್ತಕೋಶ ಅಂದಿದ್ದಕ್ಕೆ ಕೇಳ್ತೀನಿ, ವಿಷಯ ಬೇರೆ ಆಯ್ತು, ಕ್ಷಮಿಸಿ. ನನಗೆ 64, ಸಣ್ಣ ತೂತು ಹಾಕಿ ಕ್ಯಾಮೆರಾ ಆಪರೇಷನ್ ಆಗಿ ಎರಡು ದಿನ. ಹೊಟ್ಟೆಗಿಂತ ಬಲಭುಜ ನೋಯ್ತಿದೆ. ಭುಜಕ್ಕೂ ಪಿತ್ತಕೋಶಕ್ಕೂ ಏನು ಸಂಬಂಧ?

ನಿವೃತ್ತಸಿಸ್ಟರ್:
ಜಾಗ ಮಾಡಿಕೊಳ್ಳೋಕೆ ಅಂತ ಹೊಟ್ಟೆ ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸಿರ್ತಾರೆ. ಅದು ವಪೆಯನ್ನ, ಅಂದ್ರೆ ಎದೆಗೂ ಹೊಟ್ಟೆಗೂ ನಡುವೆ ಇರೋ ಉಸಿರಾಟದ ಸ್ನಾಯುವನ್ನ, ಕೆಣಕುತ್ತೆ. ವಪೆಯ ನರ ಹೊರಡೋದು ಕುತ್ತಿಗೆಯಿಂದ, ಭುಜದ ಚರ್ಮಕ್ಕೆ ಹೋಗೋ ನರಗಳೂ ಅಲ್ಲಿಂದಲೇ. ಹಾಗಾಗಿ ನೋವು ಭುಜದಲ್ಲಿದೆ ಅನ್ನಿಸುತ್ತೆ. ಎರಡು ಮೂರು ದಿನದಲ್ಲಿ ಇಳಿಯುತ್ತೆ, ಮನೆಯೊಳಗೆ ಓಡಾಡಿ. ಎದೆ ಬಿಗಿತ, ಬೆವರು, ಉಸಿರು ಕಟ್ಟೋದು, ಜ್ವರ, ಕಣ್ಣು ಹಳದಿ, ಇದರಲ್ಲಿ ಯಾವುದಿದ್ದರೂ ಗ್ಯಾಸು ಅಂತ ಕೂರಬೇಡಿ, ತಕ್ಷಣ ಹೋಗಿ.

ಮೂರನೇಮಹಡಿ:
ಅವು ಯಾವುದೂ ಇಲ್ಲ. ಎರಡು ದಿನದಿಂದ ಹೃದಯಾಘಾತ ಅಂತ ಹೆದರಿ ನಿದ್ದೆ ಮಾಡಿಲ್ಲ ನಾನು. ತುಂಬಾ ಥ್ಯಾಂಕ್ಸ್.

ಲೆಕ್ಕದಪುಸ್ತಕ:
ಮೂಲ ಪ್ರಶ್ನೆಗೆ ಬರೋಣ. ಮನೆಯವರು ಎದ್ದೇಳೋಕೆ ಬಿಡಲ್ಲ ಅಂತ ಬೇಜಾರು ಯಾಕೆ ಸರ್? ಮೂಳೆ ಕೂಡೋಕೆ ಮೂರು ತಿಂಗಳು ಬೇಕೇ ಬೇಕು. 71ರಲ್ಲಿ ಹಟ ಮಾಡಿ ಮತ್ತೆ ಬಿದ್ದರೆ ಯಾರು ಹೊಣೆ? ನಮ್ಮ ಚಿಕ್ಕಮ್ಮ ಹೀಗೇ ‘ನಾನು ಚೆನ್ನಾಗಿದ್ದೀನಿ’ ಅಂತ ಓಡಾಡಿ ಎಂಟು ತಿಂಗಳಲ್ಲಿ ಇನ್ನೊಂದು ಸೊಂಟ ಮುರ್ಕೊಂಡ್ರು. ಸುಮ್ಮನೆ ರೆಸ್ಟ್ ಮಾಡಿ.

ಫಿಸಿಯೋತಂಗಿ:
ಇಲ್ಲ ಸರ್, ಇದನ್ನ ಒಪ್ಪಲ್ಲ. ನನ್ನ ಕೆಲಸವೇ ಇದು.

ಅವರಿಗೆ ಮೂಳೆ ಕೂಡಬೇಕಾದ್ದೇ ಇಲ್ಲ. ತೊಡೆ ಮೂಳೆಯ ಕುತ್ತಿಗೆ ಮುರಿದು ಸರಿದಾಗ ಚೆಂಡಿಗೆ ಹೋಗೋ ರಕ್ತವೇ ನಿಂತುಹೋಗುತ್ತೆ, ಕೂಡಿಸಿದರೂ ಒಣಗೋ ಅಪಾಯ ಹೆಚ್ಚು ಅಂತಲೇ ತೆಗೆದು ಲೋಹದ್ದು ಹಾಕೋದು. ಅದರ ಮೇಲೆ ಸಾಮಾನ್ಯವಾಗಿ ಮಾರನೇ ದಿನದಿಂದಲೇ ಭಾರ ಹಾಕಿಸ್ತೀವಿ. ರಾಡು, ಸ್ಕ್ರೂ ಹಾಕಿದವರ ವಿಷಯ ಸ್ವಲ್ಪ ಬೇರೆ, ಅವರು ಸರ್ಜನ್ ಹೇಳಿದ ಲೆಕ್ಕದಲ್ಲೇ ಹೋಗಬೇಕು.

ರೆಸ್ಟ್ ಅಂದ್ರಲ್ಲ, ಅದರಿಂದ ಏನಾಗುತ್ತೆ ಕೇಳಿ. ಆರೋಗ್ಯವಾಗಿದ್ದ ಹಿರಿಯರನ್ನ, ಯಾವ ಕಾಯಿಲೆಯೂ ಇಲ್ಲದವರನ್ನ, ಬರೀ 10 ದಿನ ಹಾಸಿಗೆ ಮೇಲೆ ಇರಿಸಿ ನೋಡಿದ ಒಂದು ಸಣ್ಣ ಅಧ್ಯಯನ 2007ರಲ್ಲಿ ಬಂತು. ಕಾಲುಗಳಲ್ಲೇ ಸುಮಾರು ಒಂದು ಕಿಲೋದಷ್ಟು ಮಾಂಸ ಕರಗಿತ್ತು. ಮುರಿದು, ಕೊಯ್ಸಿಕೊಂಡು, ಹಸಿವಿಲ್ಲದೆ ಮಲಗಿದವರ ಗತಿ ಯೋಚಿಸಿ. ಅದರ ಜೊತೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೋದು, ನ್ಯುಮೋನಿಯಾ, ಬೆನ್ನಿನ ಹುಣ್ಣು. ಮನೆಯವರು ಪ್ರೀತಿಯಿಂದಲೇ ಮಲಗಿಸಿರ್ತಾರೆ. ಆದರೆ ನಾನು ಮನೆಗೆ ಹೋಗಿ ನೋಡೋ ಹೊತ್ತಿಗೆ ಆ ತೊಡೆ ನನ್ನ ಮುಂಗೈಯಷ್ಟು ಆಗಿರುತ್ತೆ.

ಲೆಕ್ಕದಪುಸ್ತಕ:
ಹಾಗಾದರೆ ನಮ್ಮ ಚಿಕ್ಕಮ್ಮ ಬಿದ್ದಿದ್ದು? ಓಡಾಡಿದ್ದಕ್ಕೇ ತಾನೇ? ಪುಸ್ತಕದ ಲೆಕ್ಕ ಬೇರೆ, ಮನೆಯಲ್ಲಿ ನೋಡಿಕೊಳ್ಳೋ ಪಾಡು ಬೇರೆ. ಎರಡನೇ ಸಲ ಅವರನ್ನ ಎತ್ತಿದವನು ನಾನು.

ಫಿಸಿಯೋತಂಗಿ:
ನಿಮ್ಮ ನೋವು ಅರ್ಥ ಆಗುತ್ತೆ ಸರ್, ಬಿರುಸಾಗಿ ಬರೆದಿದ್ದರೆ ಕ್ಷಮಿಸಿ. ಒಂದೆರಡು ಪ್ರಶ್ನೆ ಕೇಳಲಾ? ಅವರು ಬಿದ್ದಿದ್ದು ಎಷ್ಟು ಹೊತ್ತಿಗೆ? ಮೊದಲ ಸಲ ಮುರಿದಾಗ ಮೂಳೆ ಗಟ್ಟಿಯಾಗೋಕೆ ಅಂತ ಏನಾದರೂ ಔಷಧಿ ಶುರು ಮಾಡಿದ್ರಾ?

ಲೆಕ್ಕದಪುಸ್ತಕ:
ಬೆಳಗಿನ ಜಾವ. ನಿದ್ದೆ ಮಾತ್ರೆ ತಗೊಳ್ತಿದ್ರು. ಮೂಳೆಗೆ ಕ್ಯಾಲ್ಸಿಯಂ ಮಾತ್ರ.

ಫಿಸಿಯೋತಂಗಿ:
ಇದನ್ನೇ ನಾನು ಹೇಳಬೇಕಂತಿದ್ದೆ. ನಿದ್ದೆ ಮಾತ್ರೆ, ಕತ್ತಲು, ಎದ್ದ ತಕ್ಷಣ ಇಳಿಯೋ ಬಿಪಿ, ಸೋತ ಕಾಲು. ಚಿಕ್ಕಮ್ಮನನ್ನ ಬೀಳಿಸಿದ್ದು ಇವು ಅನ್ನಿಸುತ್ತೆ, ನಡಿಗೆ ಅಲ್ಲ.

ಮತ್ತೆ, ನಿಂತ ಎತ್ತರದಿಂದ ಬಿದ್ದು ಸೊಂಟ ಮುರಿದರೆ ಮೂಳೆಯೇ ಟೊಳ್ಳಾಗಿದೆ ಅಂತ ಅರ್ಥ. ಒಮ್ಮೆ ಮುರಿದವರಿಗೆ ಇನ್ನೊಮ್ಮೆ ಮುರಿಯೋ ಅಪಾಯ ಜಾಸ್ತಿ. ಇದಕ್ಕೆ ಒಳ್ಳೇ ಔಷಧಿಗಳಿವೆ, ವರ್ಷಕ್ಕೆ ಒಂದೇ ಸಲ ಡ್ರಿಪ್‌ನಲ್ಲಿ ಕೊಡೋ ಜೊಲೆಡ್ರಾನಿಕ್ ಆಸಿಡ್ ಅಂತೂ ಇದೆ. ಬರೀ ಕ್ಯಾಲ್ಸಿಯಂ ಸಾಲದು. ನನಗೆ ಸಿಟ್ಟು ಬರೋದು ಇಲ್ಲೇ. ಮುರಿದ ಮೂಳೆಯನ್ನ ಅಷ್ಟು ಚೆನ್ನಾಗಿ ರಿಪೇರಿ ಮಾಡಿ ಕಳಿಸ್ತಾರೆ, ಯಾಕೆ ಮುರೀತು ಅಂತ ಕೇಳೋರೇ ಇರಲ್ಲ.

ಬೆಳಗಿನನಡಿಗೆ:
ನನಗೂ ಯಾರೂ ಹೇಳಿಲ್ಲ ತಂಗಿ. ಅದು ಹೆಂಗಸರಿಗೆ ಬರೋದು ಅಂದ್ಕೊಂಡಿದ್ದೆ.

ಫಿಸಿಯೋತಂಗಿ:
ಗಂಡಸರಿಗೂ ಬರುತ್ತೆ ಸರ್, ಸ್ವಲ್ಪ ತಡವಾಗಿ. ಮುಂದಿನ ಭೇಟಿಯಲ್ಲಿ ಮೂಳೆ ಸಾಂದ್ರತೆ ಪರೀಕ್ಷೆ, ವಿಟಮಿನ್ ಡಿ ಎರಡನ್ನೂ ನೀವೇ ಬಾಯಿಬಿಟ್ಟು ಕೇಳಿ.

ಮನೆಯಲ್ಲಿ ಇವತ್ತಿನಿಂದ ಮಾಡೋಕೆ ಒಂದು ಹೇಳ್ತೀನಿ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿ, ಕೈ ಇರೋದು, ಎತ್ತರದ್ದು. ವಾಕರ್ ಮುಂದಿರಲಿ. ಕೈ ಊರಿ ಎದ್ದು ನಿಲ್ಲಿ, ಮೆಲ್ಲಗೆ ಕೂರಿ. ಧೊಪ್ಪಂತ ಕೂರಬಾರದು, ಇಳಿಯುವಾಗಲೇ ತೊಡೆಗೆ ಕೆಲಸ. ಐದು ಸಲ, ದಿನಕ್ಕೆ ಮೂರು ಹೊತ್ತು. ಸುಲಭ ಆದಂತೆ ಏರಿಸಿ. ತಗ್ಗು ಸೋಫಾ ಬೇಡ, ಕಾಲ ಮೇಲೆ ಕಾಲು ಹಾಕಬೇಡಿ, ಕೆಳಗೆ ಬಿದ್ದದ್ದಕ್ಕೆ ಬಗ್ಗಬೇಡಿ, ಹೊಸ ಚೆಂಡು ಜಾರಬಹುದು. ಈ ನಿಯಮ ಎಷ್ಟು ದಿನ ಅಂತ ನಿಮ್ಮ ಸರ್ಜನ್ ಹೇಳ್ತಾರೆ. ಆ ಕಾಲೊರೆಸು ಇನ್ನೂ ಅಲ್ಲೇ ಇದ್ದರೆ ಈಗಲೇ ತೆಗೆಸಿ. ಹಾಸಿಗೆಯಿಂದ ಬಾತ್‌ರೂಮಿನವರೆಗೆ ರಾತ್ರಿ ಸಣ್ಣ ದೀಪ ಉರಿಯಲಿ.

ಹಸಿರುಬಾಗಿಲು:
ಸರ್, ಕಾಲು ಊತ ಇದೆಯಾ? ಒಂದೇ ಕಾಲಾ, ಎರಡೂನಾ?

ಬೆಳಗಿನನಡಿಗೆ:
ಸಂಜೆ ಹೊತ್ತಿಗೆ ಬಲಗಾಲಿನ ಪಾದ ಸ್ವಲ್ಪ ಊದುತ್ತೆ, ಬೆಳಗ್ಗೆ ಇಳಿದಿರುತ್ತೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಹೊಟ್ಟೆಗೆ ಚುಚ್ಚೋ ಇಂಜೆಕ್ಷನ್ 35 ದಿನ ಕೊಟ್ಟಿದ್ರು, ಮುಗೀತು.

ನಿವೃತ್ತಸಿಸ್ಟರ್:
ಡಾಕ್ಟರಿಗೆ ಹೇಳಿಡಿ. ಮೀನಖಂಡ ಇದ್ದಕ್ಕಿದ್ದಂತೆ ಬಿಗಿದು, ನೋವಾಗಿ, ಬಿಸಿಯಾದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ. ಉಸಿರು ಏದುಸಿರಾದರಂತೂ ಒಂದು ನಿಮಿಷವೂ ತಡ ಬೇಡ.

ನಿಧಾನಗತಿ:
ಇಷ್ಟು ದಿನ ಓದ್ತಾ ಇದ್ದೆ, ಇವತ್ತು ಬರೀತಿದ್ದೀನಿ. ನನಗೆ 67, ಹೋದ ವರ್ಷ ಬೈಪಾಸ್ ಆಯ್ತು. ಎದೆನೋವೇ ಬಂದಿರಲಿಲ್ಲ. ಮೆಟ್ಟಿಲು ಹತ್ತಿದರೆ ಸುಸ್ತು, ದವಡೆ ಹತ್ತಿರ ಒಂಥರಾ ಬಿಗಿತ, ಅಷ್ಟೇ. ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ಹೀಗೇ ಮರೆಯಾಗಿ ಬರಬಹುದು ಅಂತ ಆಮೇಲೆ ಗೊತ್ತಾಯ್ತು. ವಯಸ್ಸು ಅಂದ್ಕೊಂಡು ಎರಡು ತಿಂಗಳು ಸುಮ್ಮನಿದ್ದೆ.

ಮನಸ್ಸಿನ ಮಾತು ಬಂತಲ್ಲ, ಅದಕ್ಕೆ ಬರೆದೆ. ಆಸ್ಪತ್ರೆಯಲ್ಲಿ ಕೆಮ್ಮು ಬಂದಾಗ ಎದೆಗೆ ಒತ್ತಿ ಹಿಡಿಯೋಕೆ ಅಂತ ಒಂದು ಗಟ್ಟಿ ದಿಂಬು ಕೊಟ್ಟಿದ್ರು. ಕೊಯ್ದ ಎದೆಮೂಳೆ ಅಲುಗದಿರಲಿ ಅಂತ. ಮನೆಗೆ ಬಂದಮೇಲೂ ಅದನ್ನ ಬಿಡಲಿಲ್ಲ. ಐದನೇ ವಾರದಲ್ಲಿ ಗಾಯ ಒಣಗಿತ್ತು, ರಿಪೋರ್ಟ್ ಚೆನ್ನಾಗಿತ್ತು, ಎಲ್ಲರೂ ಖುಷಿ. ನಾನು ಮಾತ್ರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಆ ದಿಂಬಿಗೆ ಮುಖ ಒತ್ತಿ ಅಳ್ತಿದ್ದೆ. ಯಾಕೆ ಅಂತ ನನಗೇ ಗೊತ್ತಿಲ್ಲ. ಬದುಕಿ ಬಂದಿದ್ದೀನಿ, ಅಳೋದು ತಪ್ಪು ಅಂತ ಯಾರಿಗೂ ಹೇಳಲಿಲ್ಲ. ಚೆಕಪ್‌ಗೆ ಹೋದಾಗ ಡಾಕ್ಟರ್ ‘ನಿದ್ದೆ ಹೇಗಿದೆ’ ಅಂದ ಕೂಡಲೇ ಅಲ್ಲೇ ಅತ್ತುಬಿಟ್ಟೆ. ಬೈಪಾಸ್ ಆದವರಲ್ಲಿ ಖಿನ್ನತೆ ಬಹಳ ಸಾಮಾನ್ಯ, ಚಿಕಿತ್ಸೆ ಇದೆ ಅಂದ್ರು. ನಾಲ್ಕು ತಿಂಗಳು ಮಾತ್ರೆ ತಗೊಂಡೆ, ಹೃದ್ರೋಗಿಗಳ ವ್ಯಾಯಾಮದ ಗುಂಪಿಗೂ ಸೇರಿದೆ. ಆ ಗುಂಪೇ ನನ್ನನ್ನ ಎತ್ತಿದ್ದು. ನಮ್ಮ ವಯಸ್ಸಿನವರು ಇದನ್ನ ಮುಚ್ಚಿಡಬಾರದು.

ಕಾಲೇಜುಮೇಷ್ಟ್ರು:
ಅಮ್ಮಾ, ಬರೆದದ್ದು ಒಳ್ಳೆಯದಾಯಿತು. ನನ್ನ ಹೆಂಡತಿಗೆ ಕಳಿಸಿದ್ದೀನಿ. ಅರಿವಳಿಕೆ ಬಗ್ಗೆ ನಾನು ಹೇಳಿದ್ದು ತಪ್ಪು, ಒಪ್ಪಿಕೊಳ್ತೀನಿ.

ಮಂಜುಹನಿ:
ಬೆಳಗಿನನಡಿಗೆ ಸರ್, ನಾನು ಸೊಸೆಯಾಗಿ ಬರೀತಿದ್ದೀನಿ. ನಮ್ಮ ಮಾವನವರೂ ಪ್ರಾಸ್ಟೇಟ್ ಆಪರೇಷನ್ ಆದಮೇಲೆ ನನ್ನನ್ನ ಕಳ್ಳಿ ಅಂದಿದ್ರು, ನನ್ನ ಕೈ ಮೇಲೆ ಪರಚಿದ ಗುರುತು ಒಂದು ವಾರ ಇತ್ತು. ಅದರಿಂದ ನನಗೆ ನೋವಾಗಲಿಲ್ಲ, ಅದು ಅವರಲ್ಲ ಅಂತ ಆಗಲೇ ಗೊತ್ತಿತ್ತು. ನೋವಾಗಿದ್ದು ಆಮೇಲೆ. ಮನೆಗೆ ಬಂದಮೇಲೆ ಅವರು ನನ್ನ ಜೊತೆ ಮಾತು ಕಡಿಮೆ ಮಾಡಿದ್ರು. ನಾನೇನೋ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಸಿಟ್ಟಿರಬೇಕು ಅಂದ್ಕೊಂಡು ತಿಂಗಳುಗಟ್ಟಲೆ ಒಳಗೊಳಗೇ ಬೆಂದೆ. ನೀವು ಪೇಪರ್ ಅಡ್ಡ ಹಿಡಿಯೋದನ್ನ ನಿಮ್ಮ ಸೊಸೆ ನೋಡ್ತಾನೇ ಇರ್ತಾರೆ ಸರ್. ದಯವಿಟ್ಟು ಮಾತಾಡಿ.

ಬೆಳಗಿನನಡಿಗೆ:
ಎರಡು ದಿನ ಬಿಟ್ಟು ಬರೀತಿದ್ದೀನಿ.

ಮಂಜುಹನಿ ಅವರ ಮಾತು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಸೊಸೆಯನ್ನ ಕರೆದು ಕೂರಿಸಿ, ‘ಅವತ್ತು ನಾನು ಅಂದದ್ದು ನನಗೆ ನೆನಪಿದೆಯಮ್ಮ’ ಅಂದೆ. ಮುಂದಕ್ಕೆ ಮಾತು ಬರಲಿಲ್ಲ. ಅವಳು, ‘ಇರುವೆ ನೆನಪಿದೆಯಾ ಮಾವ?’ ಅಂದಳು. ನನಗೆ ನೆನಪಿರೋದು ನಾನು ಆರಿಸ್ತಿದ್ದದ್ದು ಮಾತ್ರ. ಇರುವೆ ಇಲ್ಲ ಅಂದಷ್ಟೂ ನಾನು ರೇಗಾಡ್ತಿದ್ದೆನಂತೆ. ಅದಕ್ಕೆ ಅವಳೂ ಹೊದಿಕೆಯ ಆ ತುದಿ ಹಿಡಿದು ಕೂತು, ‘ಈ ಕಡೆಯವು ನಾನು ತೆಗೀತೀನಿ, ನೀವು ಕಣ್ಣು ಮುಚ್ಚಿ’ ಅಂತ ಬೆಳಗಿನ ನಾಲ್ಕರವರೆಗೂ ಆರಿಸಿದಳಂತೆ. ಇಲ್ಲದ ಇರುವೆಯನ್ನ. ಏಳು ವಾರದಿಂದ ನಾನು ತಪ್ಪಿಸಿಕೊಂಡು ತಿರುಗ್ತಿದ್ದದ್ದು ಇವಳಿಂದ.

ಕುರ್ಚಿಯಿಂದ ಏಳೋದು ಶುರು ಮಾಡಿದ್ದೀನಿ, ಮೊದಲ ದಿನ ನಾಲ್ಕನೆಯದಕ್ಕೇ ತೊಡೆ ನಡುಗಿತು. ಮೊಮ್ಮಗ ಎಣಿಸ್ತಾನೆ. ಕಾಲೊರೆಸು ತೆಗೆದಾಯ್ತು. ಮೂಳೆ ಪರೀಕ್ಷೆಗೆ ಬುಧವಾರ ಹೋಗ್ತೀವಿ. ನೀರಿಗೆ ನಾನೇ ಎದ್ದು ಹೋಗೋದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ, ವಾಕರ್‌ಗೆ ಮಗ ಒಂದು ಚೀಲ ಕಟ್ಟಿಕೊಟ್ಟಿದ್ದಾನೆ, ಬಾಟಲ್ ಇಟ್ಟುಕೊಂಡು ಬರೋಕೆ.

ಅವ್ವನಮಗ:
ಸರ, ಓದಿ ಕಣ್ಣಾಗ ನೀರ ಬಂತ್ರಿ.

ಲೆಕ್ಕದಪುಸ್ತಕ:
ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿ ಮೂಳೆ ಔಷಧಿ ವಿಷಯ, ನಿದ್ದೆ ಮಾತ್ರೆ ವಿಷಯ ಎರಡೂ ಹೇಳಿದೆ. ನಿದ್ದೆ ಮಾತ್ರೆ ಒಮ್ಮೆಲೇ ನಿಲ್ಲಿಸಬಹುದಾ?

ನಿವೃತ್ತಸಿಸ್ಟರ್:
ಬೇಡ ಸರ್, ವರ್ಷಗಳಿಂದ ತಗೊಳ್ತಿದ್ದರೆ ಒಮ್ಮೆಲೇ ಬಿಟ್ಟರೆ ಬೇರೆ ತೊಂದರೆ ಆಗುತ್ತೆ. ಡಾಕ್ಟರ್ ಹೇಳಿದಂತೆ ಮೆಲ್ಲಮೆಲ್ಲಗೆ ಇಳಿಸಬೇಕು.

ಹೊಸಬಾಗಿಬಂದೆ:
ನನಗೆ ಬರೋ ಸೋಮವಾರ ಹರ್ನಿಯಾ ಆಪರೇಷನ್, ವಯಸ್ಸು 73. ಈ ಚರ್ಚೆ ಓದಿ ಕನ್ನಡಕದ ಡಬ್ಬಿ ಮೇಲೆ ಹೆಸರು ಬರೆದು ಅಂಟಿಸಿದ್ದೀನಿ. ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್ ಅಂತ ಮಾತ್ರೆ ತಗೊಳ್ತೀನಿ. ಆಪರೇಷನ್ ದಿನ ಬೆಳಗ್ಗೆ ತಗೊಳ್ಳದಿದ್ದರೆ ಸಾಕಲ್ವಾ?

ನಿವೃತ್ತಸಿಸ್ಟರ್:
ಸಾಕಾಗಲ್ಲ. ಆ ಗುಂಪಿನ ಮಾತ್ರೆಗಳನ್ನ ಸಾಮಾನ್ಯವಾಗಿ ಮೂರು ದಿನ ಮೊದಲೇ ನಿಲ್ಲಿಸ್ತಾರೆ. ಇಲ್ಲದಿದ್ದರೆ ಸಕ್ಕರೆ ಹೆಚ್ಚದೇನೇ ರಕ್ತದಲ್ಲಿ ಆಮ್ಲ ಏರೋ ಅಪಾಯ ಇದೆ. ನೀವಾಗೇ ನಿಲ್ಲಿಸಬೇಡಿ, ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಅರಿವಳಿಕೆ ಡಾಕ್ಟರನ್ನೇ ಕೇಳಿ. ತಗೊಳ್ತಿರೋ ಎಲ್ಲಾ ಮಾತ್ರೆಗಳ ಹೆಸರು ಹೇಳಿ, ರಕ್ತ ತೆಳು ಮಾಡೋದೇನಾದರೂ ಇದ್ದರೆ ಅದನ್ನ ಮೊದಲು ಹೇಳಿ. ಏನಂದ್ರು ಅಂತ ಇಲ್ಲಿ ಬರೀರಿ, ನಾನು ನೋಡ್ತಿರ್ತೀನಿ.